ತಲೆಹೊಟ್ಟು ಮತ್ತು ನೆತ್ತಿಯ ಚರ್ಮ ಪೊರೆಯೇಳುವಿಕೆ: ಸಾರ್ವಜನಿಕರ ಮಾಹಿತಿಗಾಗಿ

ತಲೆಹೊಟ್ಟು ಪ್ರಾಣಾಪಾಯದ ಕಾಯಿಲೆಯಲ್ಲ. ಈ ಕಾರಣದಿಂದಲೇ ಬಹುಪಾಲು ನಾಗರಿಕರು ಇದಕ್ಕಾಗಿ ಆಸ್ಪತ್ರೆಗೆ ಬರುವುದಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಕೊಂಡು, ನೆರೆಹೊರೆಯವರು ಹೇಳಿದ್ದನ್ನು ಹಚ್ಚಿಕೊಂಡು ತಿಂಗಳುಗಟ್ಟಲೆ ಕಾಲವನ್ನೂ ಹಣವನ್ನೂ ಕಳೆಯುತ್ತಾರೆ. ಹೆಚ್ಚಿನವರಿಗೆ ಇದರಿಂದ ದೊಡ್ಡ ಹಾನಿಯೇನೂ ಆಗುವುದಿಲ್ಲ. ಆದರೆ ತಲೆಹೊಟ್ಟೆಂದು ಭಾವಿಸಿದ್ದು ವಾಸ್ತವದಲ್ಲಿ ಬೇರೊಂದು ರೋಗವಾಗಿದ್ದಲ್ಲಿ, ವಿಶೇಷವಾಗಿ ಶಾಲಾ ವಯಸ್ಸಿನ ಮಕ್ಕಳಲ್ಲಿ, ವಿಳಂಬದಿಂದಾಗಿ ಆ ಜಾಗದ ಕೂದಲು ಮತ್ತೆಂದೂ ಬಾರದಂತೆ ನಷ್ಟವಾಗುವ ಸಂಭವವಿರುತ್ತದೆ. ಯಾವುದನ್ನು ಮನೆಯಲ್ಲಿಯೇ ನಿಭಾಯಿಸಬಹುದು, ಯಾವುದಕ್ಕೆ ವೈದ್ಯರನ್ನು ಕಾಣಲೇಬೇಕು ಎಂಬುದನ್ನು ಸಾರ್ವಜನಿಕರು ತಿಳಿದಿರಲೆಂದು ಈ ಕೆಳಗಿನ ಮಾಹಿತಿಯನ್ನು ಒದಗಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ತಲೆಹೊಟ್ಟು ಎಂದರೇನು

ನಮ್ಮ ಚರ್ಮದ ಮೇಲ್ಪದರವು ಸದಾ ಹೊಸದಾಗುತ್ತಲೇ ಇರುತ್ತದೆ. ಕೆಳಗಿನಿಂದ ಹುಟ್ಟಿದ ಜೀವಕೋಶಗಳು ಸುಮಾರು ಒಂದು ತಿಂಗಳ ಅವಧಿಯಲ್ಲಿ ಮೇಲಕ್ಕೆ ಬಂದು, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಉದುರಿಹೋಗುತ್ತವೆ. ನೆತ್ತಿಯ ಮೇಲೆ ಈ ಕ್ರಿಯೆ ವೇಗಗೊಂಡಾಗ ಕೋಶಗಳು ಪೂರ್ತಿಯಾಗಿ ಬಲಿಯದೆ, ಒಂದಕ್ಕೊಂದು ಅಂಟಿಕೊಂಡೇ ಮೇಲೆ ಬರುತ್ತವೆ. ಹಾಗೆ ಅಂಟಿಕೊಂಡ ಚೂರುಗಳೇ ಭುಜದ ಮೇಲೆ ಬೀಳುವ ಬಿಳಿಯ ಹೊಟ್ಟು.

ವೇಗಗೊಳ್ಳುವುದೇಕೆ ಎಂಬುದಕ್ಕೆ ಮೂರು ಸಂಗತಿಗಳು ಒಟ್ಟುಗೂಡಬೇಕು: ನೆತ್ತಿಯ ಜಿಡ್ಡು, ಆ ಜಿಡ್ಡನ್ನು ತಿಂದು ಬದುಕುವ ಮಲಸೀಜಿಯ ಎಂಬ ಸೂಕ್ಷ್ಮ ಶಿಲೀಂಧ್ರ, ಹಾಗೂ ವ್ಯಕ್ತಿಯ ಚರ್ಮದ ಸಹಜ ಸೂಕ್ಷ್ಮತೆ. ಈ ಶಿಲೀಂಧ್ರವನ್ನು 1874ರಲ್ಲಿ ವಿವರಿಸಿದ ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ಚಾರ್ಲ್ಸ್ ಮಲಸೆ ಅವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ಇದು ಹೊರಗಿನಿಂದ ಬಂದ ಸೋಂಕಲ್ಲ. ಹೊಟ್ಟು ಇದ್ದವರ ತಲೆಯಲ್ಲಿಯೂ ಇಲ್ಲದವರ ತಲೆಯಲ್ಲಿಯೂ ವಾಸವಾಗಿರುತ್ತದೆ. ಜಿಡ್ಡನ್ನು ಒಡೆದು ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ಬಳಸಿಕೊಂಡು, ಓಲಿಯಿಕ್ ಆಮ್ಲದಂತಹ ಉಳಿಕೆಯನ್ನು ಚರ್ಮದ ಮೇಲೆ ಬಿಡುತ್ತದೆ. ಕೆಲವರ ಚರ್ಮವು ಇದನ್ನು ಸಹಿಸಿಕೊಳ್ಳುತ್ತದೆ. ಕೆಲವರ ಚರ್ಮ ಕೆರಳಿ, ತುರಿಕೆ ಹುಟ್ಟಿ, ಪದರುಗಳನ್ನು ಬೇಗಬೇಗನೆ ಕಳಚುತ್ತದೆ. ಒಂದೇ ಮನೆಯಲ್ಲಿ, ಒಂದೇ ಸಾಬೂನು ಬಳಸುವ ಅಣ್ಣನಿಗೆ ಹೊಟ್ಟು ಇದ್ದು ತಮ್ಮನಿಗೆ ಇಲ್ಲದಿರುವುದು ಇದರಿಂದಲೇ.

ಹದಿಹರೆಯದಲ್ಲಿ ಜಿಡ್ಡಿನ ಗ್ರಂಥಿಗಳು ಚುರುಕಾಗುವುದರಿಂದ ಸಾಮಾನ್ಯವಾಗಿ ಆ ವಯಸ್ಸಿನಲ್ಲಿ ಆರಂಭವಾಗಿ, ಮಧ್ಯವಯಸ್ಸಿನವರೆಗೆ ಬಂದು ಹೋಗುತ್ತಿರುತ್ತದೆ. ಪುರುಷರಲ್ಲಿ ಹೆಚ್ಚು. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜೀವನದ ಒಂದಲ್ಲ ಒಂದು ಕಾಲದಲ್ಲಿ ಇದು ಕಾಣಿಸಿಕೊಳ್ಳುತ್ತದೆಂದು ಅಂದಾಜಿದೆ. ಹೊಟ್ಟಿನ ಜೊತೆಗೆ ಚರ್ಮ ಕೆಂಪಾಗಿ, ಹುಬ್ಬು, ಮೂಗಿನ ಪಕ್ಕದ ಮಡಿಕೆ, ಕಿವಿಯ ಹಿಂಭಾಗ, ಎದೆಯ ನಡುಭಾಗಗಳಲ್ಲಿಯೂ ಜಿಡ್ಡುಜಿಡ್ಡಾದ ಹಳದಿ ಪೊರೆ ಕಂಡುಬಂದಲ್ಲಿ ಅದನ್ನು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಇದು ತಲೆಹೊಟ್ಟಿನದೇ ತೀವ್ರ ರೂಪ.

ಕೆಲವು ತಪ್ಪು ತಿಳಿವಳಿಕೆಗಳು

ತಲೆಹೊಟ್ಟು ಅಂಟುರೋಗವಲ್ಲ. ಹೊಟ್ಟು ಇರುವ ಮಗುವನ್ನು ತರಗತಿಯಲ್ಲಿ ಬೇರೆ ಕೂರಿಸುವುದಕ್ಕಾಗಲಿ, ವಸತಿ ನಿಲಯದಿಂದ ದೂರವಿಡುವುದಕ್ಕಾಗಲಿ ಯಾವುದೇ ವೈದ್ಯಕೀಯ ಕಾರಣವಿಲ್ಲ. ಇದು ಕೊಳಕಿನ ಗುರುತೂ ಅಲ್ಲ. ದಿನವೂ ಸ್ನಾನ ಮಾಡುವವರಿಗೂ ಬರುತ್ತದೆ. ವಧುಪರೀಕ್ಷೆಯ ಹೊತ್ತಿನಲ್ಲಿ, ಕೆಲಸದ ಸಂದರ್ಶನದ ಹೊತ್ತಿನಲ್ಲಿ ಇದರ ಬಗ್ಗೆ ಆಡುವ ಮಾತುಗಳು ಕಾಯಿಲೆಗಿಂತ ಹೆಚ್ಚು ನೋವುಂಟುಮಾಡುತ್ತವೆ ಎಂಬುದನ್ನು ಇಲ್ಲಿ ಹೇಳದಿರಲಾಗದು.

ಊರು ಬದಲಾಯಿಸಿದವರು, ಮುಖ್ಯವಾಗಿ ಬೆಂಗಳೂರಿಗೆ ಬಂದವರು, ನೀರು ಬದಲಾದದ್ದೇ ಕಾರಣವೆಂದು ಹೇಳುವುದು ರೂಢಿ. ಕೊಳವೆಬಾವಿಯ ಗಡಸು ನೀರಿನಿಂದ ತಲೆಹೊಟ್ಟು ಹುಟ್ಟುವುದಿಲ್ಲ. ಆದರೆ ಗಡಸು ನೀರಿನಲ್ಲಿ ಸ್ನಾನದ ಸಾಬೂನು ಸರಿಯಾಗಿ ನೊರೆಯಾಗದೆ, ನೀರಿನಲ್ಲಿ ಕರಗದ ಬಿಳಿಯ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಒಣಗಿದ ಮೇಲೆ ಇದು ಹೊಟ್ಟಿನಂತೆಯೇ ಕಾಣುತ್ತದೆ. ಅಂತಹ ಊರುಗಳಲ್ಲಿ ತಲೆಗೆ ಸಾಬೂನಿನ ಬದಲು ಶಾಂಪೂ ಬಳಸಿ, ಕೊನೆಯಲ್ಲಿ ಧಾರಾಳವಾಗಿ ನೀರು ಹಾಕಿಕೊಂಡು ನೋಡುವುದು. ಎರಡು ವಾರಗಳಲ್ಲಿ ನಿಂತರೆ ಅದು ಸಾಬೂನಿನ ಗಸಿ.

ಹೆಲ್ಮೆಟ್‌ನಿಂದ ಹೊಟ್ಟು ಬರುತ್ತದೆಂದು ಹೇಳಿ ಅದನ್ನು ಧರಿಸದಿರುವುದು ಸಲ್ಲದು. ಬೆವರಿನಿಂದ ತುರಿಕೆ ಹೆಚ್ಚಬಹುದು ಅಷ್ಟೇ. ಒಳಗೆ ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಂಡು, ಅದನ್ನು ದಿನವೂ ಒಗೆದರೆ ಸಾಕು. ಮುಡಿ ಕೊಟ್ಟರೆ ಹೊಟ್ಟು ಶಾಶ್ವತವಾಗಿ ಹೋಗುತ್ತದೆಂಬುದೂ ಸರಿಯಲ್ಲ. ತಲೆ ಬೋಳಾದಾಗ ತೊಳೆಯುವುದು ಸುಲಭವಾಗಿ ಕೆಲವು ದಿನ ಕಡಿಮೆಯಾಗುತ್ತದೆ. ಜಿಡ್ಡಿನ ಗ್ರಂಥಿಗಳು ಚರ್ಮದೊಳಗೇ ಇರುವುದರಿಂದ ಮತ್ತೆ ಬರುತ್ತದೆ. ಹೊಟ್ಟಿನಿಂದ ಬಕ್ಕತಲೆ ಉಂಟಾಗುವುದಿಲ್ಲ. ತುರಿಸಿಕೊಳ್ಳುವುದರಿಂದ ಕೂದಲು ತುಂಡಾಗುವುದೂ ಉದುರುವುದೂ ಉಂಟು. ತುರಿಕೆ ನಿಂತ ಮೇಲೆ ಅದು ಸರಿಹೋಗುತ್ತದೆ.

ಹೊಟ್ಟಿನಂತೆ ಕಂಡರೂ ಹೊಟ್ಟಲ್ಲದ ರೋಗಗಳು

ಓದುಗರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ಮೊದಲನೆಯದು ಮಕ್ಕಳ ತಲೆಯ ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಇದು ಕೂದಲಿನ ಬುಡಕ್ಕೆ ಇಳಿಯುವ ಶಿಲೀಂಧ್ರದ ಸೋಂಕು, ಮತ್ತು ಇದು ನಿಜವಾಗಿಯೂ ಅಂಟುರೋಗ. ಬಾಚಣಿಗೆ, ಟವೆಲ್, ಟೋಪಿ, ದಿಂಬುಗಳ ಮೂಲಕ, ಕೆಲವೊಮ್ಮೆ ಬೆಕ್ಕಿನ ಮರಿಗಳಿಂದಲೂ ಹರಡುತ್ತದೆ. ಹತ್ತು ವರ್ಷದೊಳಗಿನ ಮಗುವಿಗೆ ನಿಜವಾದ ತಲೆಹೊಟ್ಟು ಬರುವುದು ಅಪರೂಪ. ಆದ್ದರಿಂದ ಆ ವಯಸ್ಸಿನ ಮಗುವಿನ ತಲೆಯಲ್ಲಿ ಒಂದು ಕಡೆ ವೃತ್ತಾಕಾರವಾಗಿ ಹೊಟ್ಟೆದ್ದು, ಅಲ್ಲಿನ ಕೂದಲು ಬುಡದಲ್ಲಿಯೇ ಮುರಿದು ಕಪ್ಪು ಚುಕ್ಕೆಗಳಂತೆ ಕಂಡರೆ, ಕತ್ತಿನ ಹಿಂಭಾಗದಲ್ಲಿ ಗಂಟು ಕೈಗೆ ಸಿಕ್ಕಿದರೆ, ಶಾಂಪೂ ಹುಡುಕುತ್ತ ಕೂರದೆ ವೈದ್ಯರಿಗೆ ತೋರಿಸುವುದು. ಹಾಗೆ ಬಿಟ್ಟಲ್ಲಿ ಕೆಲವು ಮಕ್ಕಳಲ್ಲಿ ಆ ಜಾಗ ಮೆತ್ತಗೆ ಊದಿಕೊಂಡು, ಕೀವು ಒಸರಿ, ನೋವಾಗುತ್ತದೆ. ಕುರುವೆಂದು ತಿಳಿದು ಕೊಯ್ಯಿಸುವುದೂ ಉಂಟು. ಇದು ಕೊಯ್ಯತಕ್ಕ ಕುರುವಲ್ಲ. ಈ ಹಂತದಲ್ಲಿ ಗಾಯದ ಕಲೆಯುಳಿದು ಕೂದಲು ಶಾಶ್ವತವಾಗಿ ಹೋಗಬಹುದು.

ಈ ಸೋಂಕಿಗೆ ಮೇಲೆ ಹಚ್ಚುವ ಮುಲಾಮಾಗಲಿ ಶಾಂಪೂವಾಗಲಿ ಸಾಲದು. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಫಿನ್ ಮಾತ್ರೆಗಳನ್ನು ಮಗುವಿನ ತೂಕಕ್ಕೆ ಅನುಗುಣವಾಗಿ, ವೈದ್ಯರು ಹೇಳಿದಷ್ಟು ವಾರ ತಪ್ಪದೆ ಕೊಡಬೇಕು. ಗ್ರಿಸಿಯೋಫಲ್ವಿನ್ ಜಿಡ್ಡಿರುವ ಆಹಾರದೊಡನೆ ಚೆನ್ನಾಗಿ ಮೈಗೂಡುವುದರಿಂದ ಊಟದ ನಂತರ ಹಾಲಿನೊಂದಿಗೆ ಕೊಡುವುದು ವಾಡಿಕೆ. ಎರಡು ವಾರಕ್ಕೆ ಹೊಟ್ಟು ಕಡಿಮೆಯಾಯಿತೆಂದು ಮಾತ್ರೆ ನಿಲ್ಲಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮನೆಯ ಇತರ ಮಕ್ಕಳ ತಲೆಯನ್ನೂ ಪರೀಕ್ಷಿಸಿಸುವುದು. ಚಿಕಿತ್ಸೆ ಆರಂಭಿಸಿದ ಮೇಲೆ ಮಗು ಶಾಲೆಗೆ ಹೋಗಬಹುದು.

ಎರಡನೆಯದು ಸೋರಿಯಾಸಿಸ್. ಇದರಲ್ಲಿ ಪೊರೆ ದಪ್ಪವಾಗಿ, ಬೆಳ್ಳಿಯ ಬಣ್ಣದಲ್ಲಿ, ಸ್ಪಷ್ಟವಾದ ಅಂಚಿನೊಡನೆ ಇದ್ದು, ಕೂದಲಿನ ಗಡಿ ದಾಟಿ ಹಣೆಗೂ ಕಿವಿಯ ಹಿಂದಕ್ಕೂ ಇಳಿಯುತ್ತದೆ. ಮೊಣಕೈ, ಮೊಣಕಾಲುಗಳನ್ನೂ ಉಗುರುಗಳನ್ನೂ ನೋಡಿಕೊಳ್ಳುವುದು: ಉಗುರಿನಲ್ಲಿ ಸೂಜಿಮೊನೆಯಿಂದ ಚುಚ್ಚಿದಂತಹ ಸಣ್ಣ ಗುಳಿಗಳಿದ್ದರೆ ಅನುಮಾನ ಬಲವಾಗುತ್ತದೆ. ಬೆರಳಿನ ಕೀಲುಗಳಲ್ಲಿ ಬೆಳಗಿನ ಬಿಗಿತ, ನೋವು ಇದ್ದಲ್ಲಿ ಅದನ್ನೂ ವೈದ್ಯರಿಗೆ ತಿಳಿಸತಕ್ಕದ್ದು. ಇದೇ ರೋಗವು ಕೀಲುಗಳನ್ನೂ ಹಾಳುಮಾಡಬಲ್ಲದು. ಸೋರಿಯಾಸಿಸ್ ಸಹ ಅಂಟುರೋಗವಲ್ಲ.

ಮೂರನೆಯದು ಕೂದಲಿಗೆ ಹಚ್ಚುವ ಬಣ್ಣದ ಅಲರ್ಜಿ. ಕಪ್ಪು ಬಣ್ಣಗಳಲ್ಲಿ, ಹಾಗೂ ಬೇಗನೆ ಕಪ್ಪಾಗುವ ಮೆಹಂದಿಗಳಲ್ಲಿ ಇರುವ ಪ್ಯಾರಾಫೆನಿಲೀನ್‌ಡೈಅಮೀನ್ ಎಂಬ ರಾಸಾಯನಿಕವು ಮುಖ್ಯ ಕಾರಣ. ಬಣ್ಣ ಹಚ್ಚಿದ ಒಂದೆರಡು ದಿನಗಳಲ್ಲಿ ತುರಿಕೆ, ಕೆಂಪು, ನೀರು ಒಸರುವಿಕೆ, ಕಣ್ಣಿನ ಸುತ್ತ ಊತ ಕಂಡರೆ ಆ ಬಣ್ಣವನ್ನು ಮತ್ತೆಂದೂ ಬಳಸಬಾರದು. ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿರಲಿಲ್ಲ ಎಂಬುದು ರಕ್ಷಣೆಯಲ್ಲ. ಅಲರ್ಜಿ ಯಾವ ವರ್ಷವಾದರೂ ಆರಂಭವಾಗಬಹುದು.

ಹೇನಿನ ಸೀರನ್ನು ಹೊಟ್ಟಿನಿಂದ ಗುರುತಿಸುವುದು ಸುಲಭ: ಹೊಟ್ಟು ಬೆರಳು ತಾಗಿದರೆ ಜಾರುತ್ತದೆ, ಸೀರು ಕೂದಲಿಗೆ ಕಚ್ಚಿಕೊಂಡಿರುತ್ತದೆ. ಹೇನಿಗೆಂದು ಸೀಮೆಎಣ್ಣೆ ಹಚ್ಚುವುದು ಬೆಂಕಿಯ ಅನಾಹುತಕ್ಕೆ ದಾರಿ. ಯಾವ ಕಾರಣಕ್ಕೂ ಕೂಡದು. ಇನ್ನು ಬೀದರ್, ಕಲಬುರಗಿ, ವಿಜಯಪುರಗಳಂತಹ ಒಣಹವೆಯ ಜಿಲ್ಲೆಗಳಲ್ಲಿ ಚಳಿಗಾಲದಲ್ಲಿ ನೆತ್ತಿ ಒಣಗಿ ಬಿಗಿಯಾಗಿ, ಪುಡಿಪುಡಿಯಾದ ಸಣ್ಣ ಹೊಟ್ಟು ಉದುರುವುದು ಕೇವಲ ಒಣಚರ್ಮವಿರಬಹುದು. ಅದಕ್ಕೆ ಸ್ವಲ್ಪ ಎಣ್ಣೆ, ಸೌಮ್ಯ ಶಾಂಪೂ, ಕುದಿನೀರಿನ ಬದಲು ಉಗುರುಬೆಚ್ಚಗಿನ ನೀರು ಸಾಕಾಗುತ್ತದೆ.

ಹಿಂದೆಂದೂ ಇಲ್ಲದ ವಯಸ್ಕರಿಗೆ ಹಠಾತ್ತನೆ, ತಲೆ, ಮುಖ, ಎದೆಯೆಲ್ಲ ವ್ಯಾಪಿಸುವಂತೆ ಸೆಬೊರಿಕ್ ಡರ್ಮಟೈಟಿಸ್ ಬಂದು, ಔಷಧಕ್ಕೆ ಬಗ್ಗದಿದ್ದಲ್ಲಿ ವೈದ್ಯರು ಎಚ್.ಐ.ವಿ. ಪರೀಕ್ಷೆಯನ್ನು ಸೂಚಿಸಬಹುದು. ಪಾರ್ಕಿನ್‌ಸನ್ ಕಾಯಿಲೆ ಇರುವವರಲ್ಲಿಯೂ ಇದು ಹೆಚ್ಚು. ಪರೀಕ್ಷೆ ಹೇಳಿದ ಮಾತ್ರಕ್ಕೆ ಗಾಬರಿಪಡುವ ಅಥವಾ ಅವಮಾನವೆಂದು ಭಾವಿಸುವ ಅಗತ್ಯವಿಲ್ಲ. ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ. 2017ರ ಎಚ್.ಐ.ವಿ. ಮತ್ತು ಏಡ್ಸ್ ನಿಯಂತ್ರಣ ಕಾಯಿದೆಯ ಪ್ರಕಾರ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ. ಫಲಿತಾಂಶವನ್ನು ಗೋಪ್ಯವಾಗಿಡುವುದು ಕಡ್ಡಾಯ.

ಚಿಕಿತ್ಸೆಯ ಕ್ರಮ

ಸಾಧಾರಣ ತಲೆಹೊಟ್ಟಿಗೆ ಔಷಧಯುಕ್ತ ಶಾಂಪೂವೇ ಚಿಕಿತ್ಸೆ. ಹೆಚ್ಚಾಗಿ ಬಳಕೆಯಲ್ಲಿರುವುದು ಶೇ. 2ರ ಕೀಟೋಕೊನಜೋಲ್. ವಾರಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ, ಆಮೇಲೆ ವಾರಕ್ಕೆ ಅಥವಾ ಹದಿನೈದು ದಿನಕ್ಕೆ ಒಂದು ಬಾರಿ ಬಳಸಬೇಕು. ಮಂಗಳವಾರ, ಶುಕ್ರವಾರ ತಲೆಗೆ ನೀರು ಹಾಕಿಕೊಳ್ಳುವ ಮನೆಗಳಲ್ಲಿ ಈ ಲೆಕ್ಕ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಔಷಧ ಫಲಿಸಲಿಲ್ಲ ಎಂದು ಹೇಳುವವರಲ್ಲಿ ಬಹಳ ಜನ ಹಚ್ಚಿದ ಕೂಡಲೇ ತೊಳೆದಿರುತ್ತಾರೆ. ಕೂದಲನ್ನು ಮೊದಲು ಪೂರ್ತಿ ಒದ್ದೆ ಮಾಡಿಕೊಂಡು, ಬೈತಲೆ ಬಿಡಿಸುತ್ತ ಶಾಂಪೂವನ್ನು ಕೂದಲಿಗಲ್ಲದೆ ನೆತ್ತಿಯ ಚರ್ಮಕ್ಕೆ ತಲುಪಿಸಿ, ಬೆರಳಿನ ತುದಿಯಿಂದ ಮೆಲ್ಲಗೆ ಉಜ್ಜಿ, ಮೂರರಿಂದ ಐದು ನಿಮಿಷ ಬಿಡಬೇಕು. ಗಡಿಯಾರ ನೋಡಿಕೊಳ್ಳುವುದೇ ಒಳ್ಳೆಯದು. ಬಚ್ಚಲಿನಲ್ಲಿ ಒಂದು ನಿಮಿಷವೂ ಐದು ನಿಮಿಷದಂತೆ ತೋರುತ್ತದೆ. ಉಗುರಿನಿಂದ ಕೆರೆಯಬಾರದು.

ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂ ಸಹ ಪರಿಣಾಮಕಾರಿ. ಅದನ್ನು ಬಳಸುವಾಗ ಓಲೆ, ಸರ, ಉಂಗುರಗಳನ್ನು ತೆಗೆದಿಡತಕ್ಕದ್ದು. ಲೋಹದ ಬಣ್ಣ ಕೆಡುತ್ತದೆ. ಗರ್ಭಿಣಿಯರು ಯಾವುದೇ ಔಷಧಯುಕ್ತ ಶಾಂಪೂ ಆರಂಭಿಸುವ ಮೊದಲು ವೈದ್ಯರನ್ನು ಕೇಳುವುದು. ಜಿಂಕ್ ಪೈರಿಥಿಯೋನ್ ಎಂಬುದು ಅಂಗಡಿಗಳಲ್ಲಿ ಸಿಗುವ ಹಲವು ಹೊಟ್ಟುನಿವಾರಕ ಶಾಂಪೂಗಳಲ್ಲಿ ಇರುವ ವಸ್ತು. ಯೂರೋಪ್ ಒಕ್ಕೂಟವು 2022ರ ಮಾರ್ಚ್‌ನಿಂದ ಇದನ್ನು ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ, ಭಾರತದಲ್ಲಿ ಬಳಕೆಯಲ್ಲಿದೆ. ಪೊರೆ ದಪ್ಪವಾಗಿದ್ದರೆ ಸ್ಯಾಲಿಸಿಲಿಕ್ ಆಮ್ಲ ಅದನ್ನು ಸಡಿಲಿಸುತ್ತದೆ. ಕಲ್ಲಿದ್ದಲ ಟಾರ್ ಇರುವುದನ್ನು ಸೋರಿಯಾಸಿಸ್‌ಗೂ ಬಳಸುತ್ತಾರೆ; ವಾಸನೆ ಮತ್ತು ಕಲೆಯ ತೊಂದರೆಯುಂಟು. ಒಂದು ಔಷಧವನ್ನು ನಾಲ್ಕು ವಾರ ಕ್ರಮವಾಗಿ ಬಳಸಿಯೂ ಗುಣ ಕಾಣದಿದ್ದರೆ ಬೇರೆ ಬಾಟಲಿ ಕೊಳ್ಳುವ ಬದಲು ವೈದ್ಯರನ್ನು ಕಾಣುವುದು.

ವೆಚ್ಚದ ಬಗ್ಗೆಯೂ ಒಂದು ಮಾತು. ಔಷಧಯುಕ್ತ ಶಾಂಪೂ ದುಬಾರಿಯೆಂಬುದು ಬಾಟಲಿಯ ಬೆಲೆ ನೋಡಿ ಬರುವ ಭಾವನೆ. ಗಿಡ್ಡ ಕೂದಲಿಗೆ ಒಂದು ಸಲಕ್ಕೆ 5 ಮಿ.ಲೀ. ಸಾಕು. ನಾಲ್ಕು ವಾರಕ್ಕೆ 8 ಸಲದಂತೆ 40 ಮಿ.ಲೀ. ಖರ್ಚಾಗಿ, 100 ಮಿ.ಲೀ. ಬಾಟಲಿಯಲ್ಲಿ 60 ಮಿ.ಲೀ. ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆಯಂತೆ ಅದು ಮುಂದಿನ 24 ವಾರ ಬರುತ್ತದೆ. ಉದ್ದ ಕೂದಲಿನವರಿಗೆ ಇದರ ಎರಡರಷ್ಟು ಬೇಕಾಗಬಹುದು. ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಔಷಧದ ಹೆಸರು, ಅದರ ಶೇಕಡ ಪ್ರಮಾಣ, ಮುಕ್ತಾಯದ ದಿನಾಂಕ ಮತ್ತು ಪ್ರತಿ ಮಿ.ಲೀ.ಗೆ ಬೀಳುವ ಬೆಲೆಯನ್ನು ನೋಡುವುದು. ಹತ್ತಿರದಲ್ಲಿ ಜನೌಷಧಿ ಕೇಂದ್ರವಿದ್ದಲ್ಲಿ ಅಲ್ಲಿ ಮೊದಲು ವಿಚಾರಿಸುವುದು.

ಔಷಧದಿಂದ ಹೊಟ್ಟು ಹತೋಟಿಗೆ ಬರುತ್ತದೆಯೇ ಹೊರತು ಬೇರುಸಹಿತ ಹೋಗುವುದಿಲ್ಲ. ಬಿಟ್ಟ ಮೇಲೆ ಕೆಲವು ವಾರಗಳಲ್ಲಿ ಮರಳಿ ಬಂದರೆ ಅದು ಔಷಧದ ದೋಷವಲ್ಲ. ಶಾಶ್ವತ ಪರಿಹಾರದ ಖಾತರಿ ನೀಡುವ ಜಾಹೀರಾತುಗಳನ್ನು ಈ ಹಿನ್ನೆಲೆಯಲ್ಲಿಯೇ ಓದಿಕೊಳ್ಳಬೇಕು. ತಲೆಹೊಟ್ಟಿಗೆಂದು ಕೀಟೋಕೊನಜೋಲ್ ಮಾತ್ರೆ ನುಂಗಕೂಡದು. ಅದರಿಂದ ಯಕೃತ್ತಿಗೆ ತೀವ್ರ ಹಾನಿಯಾಗಬಹುದು.

ಸ್ಟೀರಾಯ್ಡ್ ಮುಲಾಮುಗಳ ಬಗ್ಗೆ ಎಚ್ಚರಿಕೆ

ಸ್ಟೀರಾಯ್ಡ್, ಶಿಲೀಂಧ್ರನಾಶಕ ಮತ್ತು ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಕ್ರೀಮುಗಳನ್ನು ತುರಿಕೆಗೆಂದು ಔಷಧ ಅಂಗಡಿಯಲ್ಲಿ ಕೇಳಿ ಕೊಳ್ಳುವ ಅಭ್ಯಾಸ ವ್ಯಾಪಕವಾಗಿದೆ. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ನಿಲ್ಲುವುದರಿಂದ ಜನರಿಗೆ ನಂಬಿಕೆ ಬರುತ್ತದೆ. ಹುಳುಕಡ್ಡಿಯ ಮೇಲೆ ಇದನ್ನು ಹಚ್ಚಿದರೆ ಮೇಲ್ನೋಟಕ್ಕೆ ಮಾಸಿದಂತೆ ಕಂಡು ಒಳಗೊಳಗೇ ಹರಡುತ್ತದೆ; ವೈದ್ಯರಿಗೂ ಗುರುತು ಹಿಡಿಯುವುದು ಕಷ್ಟವಾಗುತ್ತದೆ. ಮುಖಕ್ಕೆ ದೀರ್ಘಕಾಲ ಹಚ್ಚಿದಲ್ಲಿ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯವು 2018ರಲ್ಲಿ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ತಂದಿದೆ. ಚೀಟಿಯಿಲ್ಲದೆ ಕೊಡುವ ಅಂಗಡಿಯವರು ಉಪಕಾರ ಮಾಡುತ್ತಿಲ್ಲ. ಸ್ಟೀರಾಯ್ಡ್ ಲೋಶನ್ ಸೋರಿಯಾಸಿಸ್‌ಗೂ ತೀವ್ರ ಉರಿಯೂತಕ್ಕೂ ಉಪಯುಕ್ತ ಔಷಧವೇ ಹೌದು. ಎಷ್ಟು ದಿನ, ಯಾವ ಜಾಗಕ್ಕೆ ಎಂಬುದನ್ನು ವೈದ್ಯರು ಹೇಳಬೇಕು.

ಮನೆಮದ್ದುಗಳು

ಸೀಗೆಕಾಯಿ, ಅಂಟುವಾಳ, ಚಿಗರೆಪುಡಿಗಳು ಜಿಡ್ಡು ತೆಗೆಯುತ್ತವೆ, ಬಳಸಲು ಅಡ್ಡಿಯಿಲ್ಲ. ಪುಡಿಯ ಚೂರು ಕೂದಲಲ್ಲಿ ಉಳಿದು ಹೊಟ್ಟಿನಂತೆಯೇ ಕಾಣುವುದರಿಂದ ಚೆನ್ನಾಗಿ ತೊಳೆದುಕೊಳ್ಳುವುದು, ಕಣ್ಣಿಗೆ ತಾಗದಂತೆ ನೋಡಿಕೊಳ್ಳುವುದು. ಎಣ್ಣೆಸ್ನಾನದ ವಿಷಯದಲ್ಲಿ ಹಿರಿಯರ ಮನಸ್ಸು ನೋಯಿಸುವ ಉದ್ದೇಶವಿಲ್ಲ. ಗಟ್ಟಿಯಾದ ಪೊರೆಯನ್ನು ಮೆತ್ತಗಾಗಿಸಲು ಕೊಬ್ಬರಿ ಎಣ್ಣೆ ಹಚ್ಚಿ ಒಂದು ಗಂಟೆಯೊಳಗೆ ತೊಳೆದುಕೊಂಡರೆ ಅನುಕೂಲವೇ. ಎಣ್ಣೆಯನ್ನು ಎರಡು ಮೂರು ದಿನ ತಲೆಯಲ್ಲಿಯೇ ಉಳಿಸಿಕೊಳ್ಳುವುದು ಬೇಡ. ಮೇಲೆ ಹೇಳಿದ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ನಿಂಬೆರಸವು ಕೆರೆದು ಗಾಯವಾದ ಚರ್ಮವನ್ನು ಉರಿಸುತ್ತದೆ.

ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚುವ ಮನೆಗಳಲ್ಲಿ ಸಣ್ಣ ಮಕ್ಕಳಿದ್ದರೆ ವಿಶೇಷ ಎಚ್ಚರ ಅಗತ್ಯ. ಕರ್ಪೂರವು ಸ್ವಲ್ಪ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಅಂತಹ ಎಣ್ಣೆಯನ್ನು ಮಕ್ಕಳಿಗೆ ಹಚ್ಚಬಾರದು, ಕೈಗೆಟುಕುವಂತೆ ಇಡಬಾರದು. ನುಂಗಿದ್ದು ತಿಳಿದ ಕೂಡಲೇ, ವಾಂತಿ ಮಾಡಿಸಲು ಹೋಗದೆ, ಆಸ್ಪತ್ರೆಗೆ ಕರೆತರತಕ್ಕದ್ದು.

ಹಸುಗೂಸುಗಳ ನೆತ್ತಿಯ ಹಕ್ಕಳೆ

ಹುಟ್ಟಿದ ಕೆಲವು ವಾರಗಳಲ್ಲಿ ಮಗುವಿನ ನೆತ್ತಿಯ ಮೇಲೆ ಹಳದಿಯಾದ, ಜಿಡ್ಡಾದ ಹಕ್ಕಳೆ ಕಟ್ಟುವುದು ಸಾಮಾನ್ಯ. ಮಗುವಿಗೆ ಇದರಿಂದ ನೋವಾಗಲಿ ತುರಿಕೆಯಾಗಲಿ ಇರುವುದಿಲ್ಲ. ಬಹುತೇಕ ಒಂದು ವರ್ಷದೊಳಗೆ ತಾನೇ ಹೋಗುತ್ತದೆ. ಸ್ನಾನಕ್ಕೆ ಮೊದಲು ಎಣ್ಣೆ ಸವರಿ, ನೆನೆದ ಮೇಲೆ ಮೃದುವಾದ ಬಟ್ಟೆಯಿಂದ ಒರೆಸಿ, ಮಗುವಿನ ಶಾಂಪೂ ಹಾಕಿ ತೊಳೆದರೆ ಸಾಕು. ಬಾಣಂತಿ ಆರೈಕೆ ಮಾಡುವವರು ಉಗುರಿನಿಂದ ಕಿತ್ತು ತೆಗೆಯುವುದನ್ನು ತಡೆಯಬೇಕು, ಗಾಯವಾಗಿ ಕೀವಾಗುತ್ತದೆ. ಸ್ಯಾಲಿಸಿಲಿಕ್ ಆಮ್ಲವಿರುವ ಯಾವುದನ್ನೂ ಹಸುಗೂಸಿಗೆ ಹಚ್ಚಕೂಡದು. ದೊಡ್ಡವರ ಹೊಟ್ಟಿನ ಶಾಂಪೂ ಸಹ ವೈದ್ಯರು ಹೇಳಿದರೆ ಮಾತ್ರ.

ವೈದ್ಯಕೀಯ ಸೇವೆ ಪಡೆಯುವ ಬಗೆ

ತಲೆಹೊಟ್ಟಿನ ಚಿಕಿತ್ಸೆಗೆ ಒಳರೋಗಿಯಾಗಿ ದಾಖಲಾಗುವ ಅಗತ್ಯವಿರುವುದಿಲ್ಲ. ಮೊದಲಿಗೆ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗಕ್ಕೆ ಬರುವುದು. ಅಗತ್ಯವೆನಿಸಿದಲ್ಲಿ ಅಲ್ಲಿನ ವೈದ್ಯಾಧಿಕಾರಿಗಳು ಚರ್ಮರೋಗ ತಜ್ಞರಿರುವ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ದೂರದ ಊರಿನವರು ಕೇಂದ್ರ ಸರ್ಕಾರದ ಇ-ಸಂಜೀವಿನಿ ದೂರ ವೈದ್ಯ ಸೇವೆಯ ಮೂಲಕವೂ ಉಚಿತವಾಗಿ ಸಲಹೆ ಪಡೆಯಬಹುದು. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳನ್ನು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ತಪಾಸಣೆ ಮಾಡುವಾಗ ಚರ್ಮದ ತೊಂದರೆಗಳನ್ನೂ ನೋಡುತ್ತದೆ. ಆ ದಿನ ಮಗುವಿನ ತಲೆಯನ್ನು ತೋರಿಸುವಂತೆ ಪೋಷಕರು ಶಿಕ್ಷಕರಿಗೆ ಮೊದಲೇ ಹೇಳಿಡುವುದು.

ಬರುವ ದಿನ ತಲೆಗೆ ಎಣ್ಣೆ ಹಚ್ಚಬಾರದು. ಹಿಂದಿನ ದಿನವೇ ತಲೆ ತೊಳೆದು ಹೊಟ್ಟನ್ನೆಲ್ಲ ತೆಗೆದು ಬಂದರೆ ವೈದ್ಯರಿಗೆ ನೋಡಲು ಏನೂ ಉಳಿದಿರುವುದಿಲ್ಲ. ಸಂಕೋಚಪಟ್ಟುಕೊಳ್ಳದೆ ಇದ್ದಂತೆಯೇ ಬರುವುದು. ಹುಳುಕಡ್ಡಿಯ ಅನುಮಾನವಿದ್ದಲ್ಲಿ ಮುರಿದ ಕೂದಲನ್ನೂ ಪೊರೆಯನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾಗುತ್ತದೆ. ಇದುವರೆಗೆ ಹಚ್ಚಿದ ಮುಲಾಮು, ಶಾಂಪೂ, ಎಣ್ಣೆ, ಕೂದಲ ಬಣ್ಣಗಳ ಡಬ್ಬಿಗಳನ್ನು, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿ ಹಾಕಿ ತರುವುದು. ಹೆಸರು ನೆನಪಿಲ್ಲ, ಕೆಂಪು ಟ್ಯೂಬು ಎಂದಷ್ಟೇ ಹೇಳಿದರೆ ಅದರಲ್ಲಿ ಸ್ಟೀರಾಯ್ಡ್ ಇತ್ತೋ ಇಲ್ಲವೋ ತಿಳಿಯುವುದಿಲ್ಲ.

ಶಾಲೆ ಅಥವಾ ವಸತಿ ನಿಲಯದವರು ಅಂಟುರೋಗವಿಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರ ಕೇಳಿದಲ್ಲಿ ಮಗುವನ್ನು ಖುದ್ದಾಗಿ ಕರೆತರತಕ್ಕದ್ದು. ನೋಡದೆ ಪ್ರಮಾಣಪತ್ರ ಕೊಡುವಂತೆ ವೈದ್ಯಾಧಿಕಾರಿಗಳನ್ನಾಗಲಿ ಸಿಬ್ಬಂದಿಯನ್ನಾಗಲಿ ಒತ್ತಾಯಿಸಬಾರದು. ಸಂಸ್ಥೆಯವರ ಪತ್ರವಿದ್ದರೆ ಅದರ ಪ್ರತಿಯನ್ನೂ, ಹಿಂದಿನ ಹೊರರೋಗಿ ಚೀಟಿಯನ್ನೂ ಜೊತೆಯಲ್ಲಿ ತರುವುದು.